ರಾಯ್ ಮಾಮನನ್ನು ಅರಸಿ

ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯತ್ತ ಸಾಗುವ ರಾಜಮಾರ್ಗದ ಬದಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಕಂಟೆಂಪೊರರಿ ಆರ್ಟ್ಸ್ ಎಂಬ ಕಲಾಸಂಸ್ಥೆಯಿದೆ. 2003ರಲ್ಲಿ ಅಲ್ಲಿ ಏರ್ಪಟ್ಟ ‘ಅಂಕಲ್ ರಾಯ್ ಆಲ್ ಅರೌಂಡ್ ಯೂ’ ಎಂಬ ಆಟಕ್ಕೆ ಬಂದವರು ತಮ್ಮ ಸೊತ್ತೆಲ್ಲವನ್ನೂ ಅಲ್ಲಿನವರ ವಶಕ್ಕೊಪ್ಪಿಸಿ, ಅಂಗೈಯಗಲದ ಒಂದು ಗಣಕಯಂತ್ರವನ್ನು ಮಾತ್ರ ಹಿಡಿದು, 60 ನಿಮಿಷಗಳೊಳಗೆ ರಾಯ್ ಮಾಮನೆಂಬ ಅಗೋಚರ ವ್ಯಕ್ತಿಯ ಕಚೇರಿಯನ್ನು ಬೀದಿಬೀದಿಯಲ್ಲಿ ಅರಸಬೇಕಾಗಿತ್ತು. ಅದೇ ಬೀದಿಗಳ ಪ್ರತಿರೂಪವನ್ನು ಅಂತರ್ಜಾಲದಲ್ಲಿ ಕಾಣುತ್ತಿದ್ದ ದೂರದ ಆಟಗಾರರು ಸಂದೇಶ ಕಳುಹಿಸಿ ಅವರಿಗೆ ದಾರಿ ತೋರಲೂ ಬಹುದಿತ್ತು, ದಾರಿ ತಪ್ಪಿಸಲೂ ಬಹುದಿತ್ತು.

ಕಚೇರಿ ದೊರೆತ ಬಳಿಕ ಕಾರೊಂದರಲ್ಲಿ ಆಟಗಾರನ ಪಕ್ಕಕ್ಕೆ ಬಂದು ಕುಳಿತ ಅಪರಿಚಿತನು ಕೇಳುತ್ತಿದ್ದ: ನಿನಗೆ ಗೊತ್ತಿಲ್ಲದ ಒಬ್ಬರಿಗೆ ಸಂಕಟ ಒದಗಿದರೆ, ಇನ್ನು 12 ತಿಂಗಳ ಕಾಲ ಅವರಿಗೆ ನೆರವಾಗಲು ಒಪ್ಪುವೆಯಾ? ಅವರೂ ನಿನಗೆ ಅದೇ ಮಾತು ಕೊಡುವರು. ಒಪ್ಪಿದವರನ್ನು ಅಂತರ್ಜಾಲದಲ್ಲಿ ಹಾಗೆಯೇ ಒಪ್ಪಿದ ಒಬ್ಬರೊಡನೆ ಜೋಡಿಸಲಾಗುತ್ತಿತ್ತು. ಗೆಲುವು ಸೋಲುಗಳಿಂದ ಮುಗಿಯಬೇಕಾದ ಕ್ರೀಡೆಯು ಇಲ್ಲಿ ಒಂದು ವರ್ಷದ ಋಣವಾಗಿ ಪರಿಣಮಿಸಿತು.

ಇದನ್ನು ರೂಪಿಸಿದ ಬ್ಲಾಸ್ಟ್ ಥಿಯರಿ ಎಂಬ ಕಲಾವಿದರ ಬಳಗವು 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಅನಂತರ ಬ್ರೈಟನ್ ಸೀಮೆಯಲ್ಲಿ ನೆಲೆಸಿತು. ಮ್ಯಾಟ್ ಆ್ಯಡಮ್ಸ್, ಜು ರೋ ಫಾರ್ ಮತ್ತು ನಿಕ್ ತಂಡವನಿಜ್ ಅದರ ಪ್ರಮುಖರು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮಿಕ್ಸೆಡ್ ರಿಯಾಲಿಟಿ ಲ್ಯಾಬ್ ಅವರ ಸಹಯೋಗಿ. 2001ರಲ್ಲಿ ಶೆಫೀಲ್ಡ್ ನಗರದಲ್ಲಿ ಅವರು ಆಡಿಸಿದ ‘ಕ್ಯಾನ್ ಯೂ ಸೀ ಮಿ ನೌ?’ ಆಟದಲ್ಲಿ ಓಟಗಾರರು ಜಿಪಿಎಸ್ ಧರಿಸಿ, ಅಂತರ್ಜಾಲದಲ್ಲಿ ಮಾತ್ರ ಇರುವವರನ್ನು ನಿಜವಾದ ಬೀದಿಗಳಲ್ಲಿ ಬೆನ್ನಟ್ಟುತ್ತಿದ್ದರು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತವು ಕ್ಷೀಣಿಸುತ್ತಿದ್ದುದರಿಂದ, ಎಲ್ಲಿ ತಾವು ಮರೆಯಾಗುವೆವೆಂಬುದನ್ನು ಓಟಗಾರರು ಕ್ರಮೇಣ ಅರಿತು, ಆ ದೋಷವನ್ನೇ ಹೊಂಚುಹಾಕುವ ತಾಣವಾಗಿ ಬಳಸಿಕೊಂಡರು. ಬಹುಕಾಲದಿಂದ ಕಾಣದೆಯೂ ನೆನಪಿನಲ್ಲುಳಿದ ಒಬ್ಬರ ಹೆಸರನ್ನು ಅಂತರ್ಜಾಲದ ಆಟಗಾರರಿಂದ ಆಟದ ಆರಂಭದಲ್ಲಿಯೇ ಕೇಳಿಟ್ಟುಕೊಂಡು, ಅವರು ಸಿಕ್ಕಿಬಿದ್ದ ಕ್ಷಣದಲ್ಲಿ ಅದನ್ನು ಉಚ್ಚರಿಸಿ, ಯಾರೂ ಇಲ್ಲದ ಆ ಸ್ಥಳದ ಛಾಯಾಚಿತ್ರ ತೆಗೆಯುತ್ತಿದ್ದರು. 2003ರಲ್ಲಿ ಈ ಕೃತಿಗೆ ಆರ್ಸ್ ಎಲೆಕ್ಟ್ರೋನಿಕಾ ಎಂಬ ಮಾಧ್ಯಮಕಲಾ ಸಂಸ್ಥೆಯ ಗೋಲ್ಡನ್ ನಿಕಾ ಪ್ರಶಸ್ತಿ ದೊರೆಯಿತು.

2007ರ ‘ರೈಡರ್ ಸ್ಪೋಕ್’ ಸೈಕಲ್ ಸವಾರರದು: ಒಬ್ಬರು ಒಂದು ಮೂಲೆಯಲ್ಲಿ ನುಡಿದಿಟ್ಟ ಆತ್ಮಕಥನದ ತುಣುಕನ್ನು ಅದೇ ಮೂಲೆಗೆ ಹೋಗಿಯೇ ಕೇಳಬೇಕು. 2010ರ ‘ಎ ಮಷೀನ್ ಟು ಸೀ ವಿತ್’ ಕೃತಿಗಂತೂ ಸಾಮಾನ್ಯ ಮೊಬೈಲ್ ಕರೆಯೊಂದೇ ಸಾಕಾಯಿತು. ಕರೆಯ ದನಿಯನ್ನು ಅನುಸರಿಸಿದವರು ಬ್ಯಾಂಕ್ ದರೋಡೆಯ ಚಲನಚಿತ್ರಕ್ಕೆ ತಾವೇ ನಾಯಕರಾಗುತ್ತಿದ್ದರು.

ಆ ಕಾಲದ ಅಂಗೈಗಣಕಗಳು ಇಂದು ಬಳಕೆಯಲ್ಲಿಲ್ಲ. ಚಿತ್ರಪಟವನ್ನು ಜತನದಿಂದ ಕಾಪಿಡುವ ವಸ್ತುಸಂಗ್ರಹಾಲಯಗಳು ಇಂಥ ಕೃತಿಗಳ ಯಂತ್ರವನ್ನಲ್ಲದಿದ್ದರೂ ಆಟದ ವಿಧಿಗಳನ್ನಾದರೂ ಉಳಿಸಿ, ಹೊಸ ಫೋನುಗಳಲ್ಲಿ ಮತ್ತೆ ಆಡಿಸಬೇಕು. ಏಕೆಂದರೆ ರಾಯ್ ಮಾಮನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆಟಗಾರರೇ ಹೊರತು ಪ್ರದರ್ಶನ ನೋಡಲು ಬಂದವರಲ್ಲ.