ಸಿಂಹ ಬೆದರಿಸಿದ ಬೈಕ್ ಇಂಡಿಕೇಟರ್

ಕೆನ್ಯಾದ ರಾಜಧಾನಿ ನೈರೋಬಿಗೆ ಅಂಟಿಕೊಂಡೇ 117 ಚದರ ಕಿ.ಮೀ. ವಿಸ್ತಾರದ ರಾಷ್ಟ್ರೀಯ ಉದ್ಯಾನವಿದೆ. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ಹುಲ್ಲಿನಲ್ಲಿ ಮಲಗಿದ ಸಿಂಹ! ನಗರದ ಕಡೆಗೆ ಬೇಲಿಯಿದೆ, ದಕ್ಷಿಣದ ಕಿಟೆಂಗೆಲಾ ಬಯಲಿನ ಕಡೆಗಿಲ್ಲ. ಮಳೆ ಬಿದ್ದಾಗ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳು ಮೇವಿಗಾಗಿ ಆ ಬಯಲಿಗೆ ಇಳಿಯುತ್ತವೆ. ಅವುಗಳ ಹಿಂದೆ ಸಿಂಹಗಳೂ ಹೊರಡುತ್ತವೆ. ಅಲ್ಲಿ ಎದುರಾಗುವುದು ಮಸಾಯಿ ಜನರ ದನದ ದೊಡ್ಡಿಗಳು.

ಓಡುವ ಜೀಬ್ರಾಕ್ಕಿಂತ ಕೂಡಿಹಾಕಿದ ಹಸು ಸಲೀಸಾದ ಬೇಟೆ. ಆದರೆ ಮಸಾಯಿಗಳಿಗೆ ದನವೇ ಬದುಕು. 2012ರ ಜೂನ್‌ನಲ್ಲಿ ಸಿಟ್ಟಿಗೆದ್ದ ಊರವರು ಮರಿಗಳೂ ಸೇರಿದಂತೆ ಆರು ಸಿಂಹಗಳನ್ನು ಈಟಿಯಿಂದ ತಿವಿದು ಕೊಂದರು. ಕೆನ್ಯಾದ ಬೇರೆ ಕಡೆಗಳಲ್ಲಿ ಸತ್ತ ಹಸುವಿಗೆ ಕಾರ್ಬೊಫ್ಯೂರಾನ್ ಸವರಿಟ್ಟದ್ದೂ ಇದೆ. ನಮ್ಮ ರೈತರಿಗೂ ಗೊತ್ತಿರುವ ಕೀಟನಾಶಕ ಅದು. ಈಟಿ ಒಂದು ಪ್ರಾಣಿಗೆ ತಗುಲುತ್ತದೆ. ವಿಷಕ್ಕೆ ಸಿಂಹದ ಜತೆ ಕತ್ತೆಕಿರುಬ, ರಣಹದ್ದುಗಳ ಹಿಂಡೂ ಬಲಿಯಾಗುತ್ತದೆ. ಇಡೀ ಆಫ್ರಿಕಾದಲ್ಲಿ ಉಳಿದಿರುವ ಸಿಂಹಗಳು ಅಂದಾಜು 20ರಿಂದ 25 ಸಾವಿರ ಮಾತ್ರ.

ಉದ್ಯಾನದ ಅಂಚಿನಲ್ಲಿ ಅಪ್ಪನ ದನ ಕಾಯುತ್ತಿದ್ದ ಹುಡುಗ ರಿಚರ್ಡ್ ಟುರೆರೆ. ಮೊದಲು ಬೆಂಕಿ ಹಾಕಿ ನೋಡಿದ, ಸಿಂಹ ಹೆದರಲಿಲ್ಲ. ಬೆದರುಬೊಂಬೆ ನಿಲ್ಲಿಸಿದ. ಮೊದಲ ದಿನ ಸಿಂಹ ವಾಪಸ್ ಹೋಯಿತು, ಎರಡನೇ ದಿನ ಅಲುಗಾಡದ ಬೊಂಬೆಯ ಗುಟ್ಟು ಅದಕ್ಕೆ ತಿಳಿಯಿತು. ಒಂದು ರಾತ್ರಿ ಟಾರ್ಚ್ ಹಿಡಿದು ದೊಡ್ಡಿ ಸುತ್ತುತ್ತಿದ್ದಾಗ ಸಿಂಹಗಳು ಹತ್ತಿರ ಸುಳಿಯಲಿಲ್ಲ. ಚಲಿಸುವ ಬೆಳಕೆಂದರೆ ಅವಕ್ಕೆ ಭಯ!

ಸೋಲಾರ್ ಪ್ಯಾನೆಲ್, ಹಳೇ ಕಾರಿನ ಬ್ಯಾಟರಿ, ಬೈಕಿನ ಇಂಡಿಕೇಟರ್ ಬಾಕ್ಸ್, ಕೆಟ್ಟ ಟಾರ್ಚಿನ ಬಲ್ಬುಗಳು. ಇಷ್ಟೇ ಸರ್ಕ್ಯೂಟ್. ಹೊರಮುಖವಾಗಿ ಕಟ್ಟಿದ ಬಲ್ಬುಗಳು ಮಿನುಗುವಾಗ ಯಾರೋ ಟಾರ್ಚ್ ಹಿಡಿದು ಓಡಾಡಿದಂತೆ ಕಾಣುತ್ತದೆ. ಆಗ ಅವನಿಗೆ 11 ವರ್ಷ. (ಬಿಇ ಓದುವ ನಾವು ಮಿನಿ ಪ್ರಾಜೆಕ್ಟ್‌ಗೆ ರೆಡಿಮೇಡ್ ಕಿಟ್ ಹುಡುಕುತ್ತಿರುತ್ತೇವೆ!) ನೆರೆಹೊರೆಯವರೂ ಕೇಳಿ ಹಾಕಿಸಿಕೊಂಡರು. 2013ರಲ್ಲಿ ಅವನು ಟೆಡ್ ವೇದಿಕೆಯಲ್ಲಿ ಈ ಕತೆ ಹೇಳಿದ.

ಬೊಂಬೆಯ ಗುಟ್ಟು ಅರಿತ ಪ್ರಾಣಿ ಬಲ್ಬಿನ ಗುಟ್ಟನ್ನೂ ಅರಿಯದೇ ಎಂಬ ಅನುಮಾನ ನನಗಿದೆ. ಅದಕ್ಕಿಂತ ದೊಡ್ಡ ತಲೆನೋವು ಜಮೀನಿನದು. ಉದ್ಯಾನದೊಳಗೆ ರೈಲು ಮಾರ್ಗ ಬಂದಾಗ ಪ್ರಾಣಿಗಳು ಕೆಳಗೆ ಓಡಾಡಲೆಂದು ಸುಮಾರು 6 ಕಿ.ಮೀ. ಸೇತುವೆ ಕಟ್ಟಿದರು. ಹೊರಗಿನ ಬಯಲೋ ಸೈಟುಗಳಾಗಿ ಒಡೆಯುತ್ತಿದೆ, ಮನೆ, ಬೇಲಿಗಳು ಏಳುತ್ತಿವೆ. ವೈಲ್ಡ್‌ಬೀಸ್ಟ್‌ಗಳ ಹಳೆಯ ದಾರಿ ಮುಚ್ಚಿಕೊಳ್ಳುತ್ತಿದೆ. ಬೇಲಿ ಹಾಕದೆ ಬಿಟ್ಟ ಜಮೀನಿಗೆ ವರ್ಷಕ್ಕೆ ಎಕರೆಗೆ 4 ಡಾಲರ್ ಕೊಡುವ ಯೋಜನೆ 2000ದಲ್ಲಿ ಶುರುವಾಯಿತು. ರಾಜಧಾನಿಯ ಪಕ್ಕದಲ್ಲೇ ಭೂಮಿ ಇಟ್ಟುಕೊಂಡ ಮಸಾಯಿ ಕುಟುಂಬ ಆ ಹಣ ನೋಡುತ್ತದೆಯೋ, ಸೈಟಿನ ಬೆಲೆಯನ್ನೋ?