ಬೆಲ್ಲ ಬಾಟಲಿ ಸೇರಿತು, ಭಾರ ಪೊಟ್ಟಣಕ್ಕೆ ಬಿತ್ತು

ಮಂಡ್ಯದ ಬಸ್ ನಿಲ್ದಾಣದಲ್ಲಿ ಸಂಜೆ ಏಳರ ಬಸ್ಸು ತಪ್ಪಿಸಿಕೊಂಡವನಿಗೆ ಹೊತ್ತು ಕಳೆಯಲು ಎರಡೇ ದಾರಿ. ಒಂದು, ಕಡ್ಲೇಪುರಿ ತಿನ್ನುತ್ತ ಬಂದ ಬಸ್ಸುಗಳ ಬೋರ್ಡು ಓದುವುದು. ಇನ್ನೊಂದು, ಅಂಗಡಿ ಸಾಲಿನ ಕಡೆ ಕಾಲು ಹಾಕುವುದು. ಮೊನ್ನೆ ಈ ಅಂಕಣಕಾರ ಎರಡನೆಯ ದಾರಿ ಹಿಡಿದ. ಹೋಗಿ ನಿಂತದ್ದು ಒಂದು ವೈನ್ ಶಾಪಿನ ಮುಂದೆ. ಕುಡಿಯಲಿಕ್ಕಲ್ಲ ಸ್ವಾಮಿ, ನೋಡಲಿಕ್ಕೆ. ನಂಬುವವರು ನಂಬಿ, ಬಿಡುವವರು ಬಿಡಿ.

ಬೋರ್ಡಿನಲ್ಲಿ ವೈನ್ ಎಂದಿದ್ದರೂ ಒಳಗೆ ವೈನು ಕೇಳುವವರು ಅಪರೂಪ ಎಂಬುದು ಊರಿಗೇ ಗೊತ್ತು. ಕಿಂಡಿಯ ಮುಂದೆ ನೂಕುನುಗ್ಗಲು. ಎಲ್ಲರ ಕೈಯೂ ತೊಂಬತ್ತು ಎಂಎಲ್ ಪೊಟ್ಟಣಕ್ಕೆ, ಇಲ್ಲವೇ ಕ್ವಾರ್ಟರಿಗೆ. ಆದರೆ ನಮ್ಮ ಕಣ್ಣು ಬಿದ್ದದ್ದು ಮೇಲಿನ ಗಾಜಿನ ಬೀರುವಿನ ಮೇಲೆ. ಅಲ್ಲಿ ಹೊಸ ಹೊಸ ಬಾಟಲಿಗಳು ಮದುಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

"ಇವೆಲ್ಲ ಏನಪ್ಪ?" ಅಂದೆವು.

"ಹೊಸ ಮಾಲು ಸಾರ್. ಕೇಳೋರು ಜಾಸ್ತಿ, ಕೊಳ್ಳೋರು ಕಮ್ಮಿ" ಎಂದ ಅಂಗಡಿ ಹುಡುಗ.

ಬಸ್ಸಿನ ಕಿಟಕಿಯಿಂದ ಸ್ಕಾಟ್ಲೆಂಡಿಗೆ

ಮೊದಲನೆಯದು ಅಮೃತ್ ಸಿಂಗಲ್ ಮಾಲ್ಟ್. ಮಂಡ್ಯದಿಂದ ದಿನಾ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುವವರು ಇದರ ಹುಟ್ಟೂರಿನ ಪಕ್ಕದಲ್ಲೇ ಹಾದು ಹೋಗುತ್ತಾರೆ. ಬಿಡದಿ ದಾಟಿ ಕೆಂಗೇರಿಗೆ ಮುನ್ನ ಸಿಗುವ ಕಂಬೀಪುರ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಕಟ್ಟಿದ ಈ ಕಂಪೆನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಮೀನಿಗೇ ಈಜು ಕಲಿಸಲು ಹೋದ ಹಾಗೆ. ಆದರೂ ಗೆದ್ದಿತು. ಜಿಮ್ ಮರ್ರೆ ಎಂಬ ಪಂಡಿತರು ತಮ್ಮ 2010ರ ವಿಸ್ಕಿ ಪುಸ್ತಕದಲ್ಲಿ ಅಮೃತ್ ಫ್ಯೂಷನ್ ಅನ್ನು ಜಗತ್ತಿಗೇ ಮೂರನೆಯದು ಎಂದು ಬರೆದರು.

ಇಲ್ಲಿ ನಮ್ಮ ಬಿಸಿಲಿನ ಕೈವಾಡವೂ ಇದೆ. ಮರದ ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇಕಡ 2ರಷ್ಟು ಆವಿಯಾದರೆ, ಬೆಂಗಳೂರು ಸೀಮೆಯಲ್ಲಿ ಶೇಕಡ 10ಕ್ಕೂ ಮಿಕ್ಕಿ ಹಾರಿಹೋಗುತ್ತದೆ. ನಷ್ಟ ಹೌದು. ಆದರೆ ಅಲ್ಲಿ ಹನ್ನೆರಡು ವರ್ಷಕ್ಕೆ ಮಾಗುವ ಮಾಲು ಇಲ್ಲಿ ನಾಲ್ಕೈದು ವರ್ಷಕ್ಕೇ ಮಾಗುತ್ತದೆ.

ಹಾಗಾದರೆ ಕೆಳಗಿನ ಕ್ವಾರ್ಟರಿನ ವಿಸ್ಕಿ ಏನು? ಅದು ಬಹುಪಾಲು ಕಾಕಂಬಿಯ ಕೂಸು. ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಅಂಟಿನಿಂದ ಸ್ಪಿರಿಟ್ ತೆಗೆದು, ನೀರು ಬೆರೆಸಿ, ಬಣ್ಣ ಕಟ್ಟಿ, ಒಂದಿಷ್ಟು ಮಾಲ್ಟ್ ಸೇರಿಸುವ ಪದ್ಧತಿ. ಯುರೋಪಿನವರು ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ನಾವು ಒಪ್ಪಿ ದಶಕಗಳೇ ಆದವು.

ಚೀಟಿಯ ಮೇಲೆ 42.8 ಎಂದು ಯಾಕಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಅದು ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕ. ಅವರ 75 ಡಿಗ್ರಿ ಪ್ರೂಫ್ ಅಂದರೆ ಇಂದಿನ ಶೇಕಡ 42.8. ದೊರೆ ಹೋದ, ಲೆಕ್ಕ ಉಳಿಯಿತು!

ಕೊಳೆ ಹೋಗಿ ಬ್ರಾಂಡು ಬಂತು

ಮಂಡ್ಯದವರ ಎದೆ ಝಲ್ಲೆನ್ನಿಸುವುದು ಪಕ್ಕದ ಸಾಲು. ಒಂದರ ಹೆಸರು 'ಹುಲಿ'. ನಂಜನಗೂಡು ಸೀಮೆಯಲ್ಲಿ ತಯಾರಾಗಿ 2024ರಲ್ಲಿ ಅಂಗಡಿಗೆ ಬಂದದ್ದು. ಇನ್ನೊಂದು ಅಮೃತ್‌ನವರ 'ಬೆಲ್ಲಾ'. ಹೆಸರೇ ಹೇಳುವಂತೆ ಬೆಲ್ಲದ ರಮ್ಮು. ಹುಲಿಯೂ ಬೆಲ್ಲದ್ದೇ. ಕಾಕಂಬಿಯಲ್ಲ, ಆಲೆಮನೆಯ ಬೆಲ್ಲ!

ಬೆಲ್ಲವನ್ನು ನೀರಿನಲ್ಲಿ ಕದಡಿ, ಹುಳಿಯಿಸಿ, ಕಾಯಿಸಿ, ಆವಿ ಇಳಿಸುವ ವಿದ್ಯೆ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಿಳಿಜಾಲಿ ತೊಗಟೆ ಹಾಕಿ ಹೊಲದ ಬದುವಿನಲ್ಲಿ ಕೊಡ ಹೂಳುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. "ಇಷ್ಟು ಲೀಟರು ಬೆಲ್ಲದ ಕೊಳೆ ನಾಶ, ಇಬ್ಬರ ಬಂಧನ" ಎಂಬ ಸುದ್ದಿಯನ್ನು ಪತ್ರಿಕೆಗಳು ಎಷ್ಟು ಸಲ ಅಚ್ಚು ಹಾಕಿದವೋ ಲೆಕ್ಕವಿಲ್ಲ. ಅದೇ ಬೆಲ್ಲ ಈಗ ಲೈಸೆನ್ಸು ಪಡೆದು ಗಾಜಿನ ಬೀರು ಹತ್ತಿದೆ.

ಹಾಗೆಂದು ಕಳ್ಳಭಟ್ಟಿಯನ್ನು ಹಾಡಿ ಹೊಗಳುವುದು ಬೇಡ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತದ್ದನ್ನು ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ, 2008ರ ಮೇನಲ್ಲಿ, ಬೆಂಗಳೂರು, ಕೋಲಾರದ ಕಡೆ ಮತ್ತೆ ವಿಷದ ಸಾವು. ಮಿಥೈಲ್ ಕಣ್ಣಿಗೆ ಕಾಣದು, ಮೂಗಿಗೆ ಹತ್ತದು. ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಪ್ರಾಣ. ಆದ್ದರಿಂದ ಕುಡಿಯುವವರು ಮುಚ್ಚಳದ ಮೇಲಿನ ಅಬಕಾರಿ ಚೀಟಿ ನೋಡದೆ ಕಾಸು ಬಿಚ್ಚಬಾರದು.

ಹೆಂಗಸರ ಶರಬತ್ತಲ್ಲ

ಬೀರುವಿನ ಕೊನೆಯಲ್ಲಿ ಲಿಕರ್ ಎಂಬ ಸಿಹಿ ಜಾತಿ. ಸ್ಪಿರಿಟ್ಟಿಗೆ ಸಕ್ಕರೆ, ಹಣ್ಣು, ಗಿಡಮೂಲಿಕೆ, ಕಾಫಿ ಇತ್ಯಾದಿ ಸೇರಿಸಿದ್ದು. ಮೆಕ್ಸಿಕೋದ ಕಹ್ಲುವಾ ಕಾಫಿಯದು. 1974ರಲ್ಲಿ ಹುಟ್ಟಿದ ಐರ್ಲೆಂಡಿನ ಬೇಲೀಸ್ ಕೆನೆಯದು. ಸಿಹಿಯಿದೆ, ಶರಬತ್ತು ಎಂದು ಲೋಟ ತುಂಬಿಸಿಕೊಂಡರೆ ಕೆಟ್ಟಿರಿ. ಬೇಲೀಸ್‌ನಲ್ಲೇ ಶೇಕಡ 17 ಮದ್ಯಸಾರ. ಬಿಯರಿನ ಎರಡು ಮೂರು ಪಟ್ಟು. ನೆಂಟರು ತಂದದ್ದು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಯಾರ ಹೆಗಲ ಮೇಲೆ?

ಈಗ ಕಾಸಿನ ಮಾತು. 2024ರ ಆಗಸ್ಟ್‌ನಲ್ಲಿ ಸರ್ಕಾರ ದುಬಾರಿ ಮದ್ಯದ ಸುಂಕ ಇಳಿಸಿತು. ನೆರೆ ರಾಜ್ಯಗಳಲ್ಲಿ ಅಗ್ಗವಾದ್ದರಿಂದ ಗಿರಾಕಿ ಗಡಿ ದಾಟುತ್ತಾನೆ ಎಂಬುದು ಕಾರಣ. ಸರಿ. ಆದರೆ 2025ರ ಮೇನಲ್ಲಿ ಸುಂಕ ಏರಿಸಿದಾಗ ಏಟು ಬಿದ್ದದ್ದು ಕೆಳಗಿನ ನಾಲ್ಕು ಸ್ಲ್ಯಾಬುಗಳಿಗೆ, ಅಂದರೆ ಕಿಂಡಿಯ ಮುಂದಿನ ಜನಕ್ಕೆ. ಗಾಜಿನ ಬೀರುವಿನವನು ಕಾರು ಹತ್ತಿ ಗಡಿ ದಾಟಬಲ್ಲ. ಪೊಟ್ಟಣದವನು ಎಲ್ಲಿಗೆ ದಾಟಿಯಾನು?

"ಬೆಲೆ ಏರಿದರೆ ಕುಡಿತ ಇಳಿಯುತ್ತದೆ" ಎನ್ನುವವರಿದ್ದಾರೆ. ಕಿಂಡಿಯ ಹತ್ತಿರ ಸಿಕ್ಕ ಆಲೆಮನೆ ಕೆಲಸದವನೊಬ್ಬನನ್ನು ಕೇಳಿದೆವು. ಕೈತುಂಬ ಬೆಲ್ಲದ ಪಾಕದ ಸುಟ್ಟ ಗುರುತು.

"ಬುಡೋದಾದ್ರೆ ಒಳ್ಳೇದೆಯಾ ಬುದ್ಧಿ. ಬುಡಕ್ಕಾಯ್ತಿಲ್ವಲ್ಲ. ರೇಟು ಏರ್ತು ಅಂತ ಮನೇಗ್ ಕೊಡೋದ್ರಲ್ಲಿ ಇಪ್ಪತ್ ರೂಪಾಯ್ ಹಿಡ್ಕತೀನಿ, ಅಷ್ಟೆಯಾ" ಎಂದ. ಮೇಲಿನ ಬಾಟಲಿ ತೋರಿಸಿ, ಅದು ಬೆಲ್ಲದ್ದು ಕಣಪ್ಪ ಎಂದೆವು. ನಕ್ಕ. "ಕೊಪ್ಪರಿಗೆ ಮುಂದೆ ಬೇಯೋನು ನಾನು. ಅದ್ರ ಮುಚ್ಚಳ ಮೂಸೋಕೂ ನನ್ ಒಂದಿನದ್ ಕೂಲಿ ಸಾಲ್ದು."

ಆ ಇಪ್ಪತ್ತು ರೂಪಾಯಿ ಯಾವ ಬಜೆಟ್ಟಿನ ಪುಸ್ತಕದಲ್ಲೂ ಕಾಣುವುದಿಲ್ಲ. ಅದು ಕಾಣುವುದು ಅವನ ಮನೆಯ ಬೇಳೆ ಡಬ್ಬದಲ್ಲಿ.

ಬೆಲ್ಲದ ಬಾಟಲಿ ನಾಲ್ಕು ದೇಶ ಸುತ್ತಲಿ, ಬೇಡ ಅನ್ನುವುದಿಲ್ಲ. ಅದರಿಂದ ಬೆಲ್ಲಕ್ಕೆ ನಾಲ್ಕು ಕಾಸು ಹೆಚ್ಚು ಸಿಕ್ಕಿ, ಅದು ಕಬ್ಬು ಬೆಳೆದವನಿಗೂ ಬೇಯಿಸಿದವನಿಗೂ ಮುಟ್ಟಿದರೆ ಮೊದಲ ಅಭಿನಂದನೆ ನಮ್ಮದೇ. ಮುಟ್ಟುವವರೆಗೆ, ಗಾಜಿನ ಬೀರುವಿಗೆ ಇಳಿದ ಸುಂಕ ಕಿಂಡಿಗೆ ಯಾಕೆ ಏರಿತು ಎಂದು ಕೇಳುತ್ತಲೇ ಇರಬೇಕಾಗುತ್ತದೆ.

ಅಷ್ಟರಲ್ಲಿ ಎಂಟರ ಬಸ್ಸು ಬಂತು. ಆ ಮನುಷ್ಯ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಹಿಂದೆಯೇ ಹತ್ತಿದ. ಟಿಕೆಟ್ಟಿಗೆ ಚಿಲ್ಲರೆ ಎಣಿಸುವಾಗ ಎರಡು ಸಲ ಎಣಿಸಿದ.