ಆರನೇ ಮಡಿಗೆ ನೀರು ಯಾಕೆ ಸಾಲಲಿಲ್ಲ?

ನಮ್ಮ ಟೊಮೆಟೊ ಆರು ಮಡಿ. ತ್ರೀಫೇಸ್ ಕರೆಂಟು 7 ಗಂಟೆ, ಅಂದರೆ 420 ನಿಮಿಷ. ಪ್ರತಿ ಸಲ ಕೊನೇ ಮಡಿಗೆ ನೀರು ಅರ್ಧಂಬರ್ಧ. ಒಮ್ಮೆ ಒಣಗಿ ಒಮ್ಮೆ ನೆನೆದು, ಕಾಯಿಯ ತಳ ಕಪ್ಪಾಗಿ ತಿಪ್ಪೆ ಸೇರಿತು. ಬೋರ್‌ವೆಲ್ ಬೈದೆ, ತಪ್ಪಿದ್ದು ನನ್ನ ಲೆಕ್ಕ.

ಮೋಟರ್ ಹಾಕಿ ನೀರು ಹೊಲ ಮುಟ್ಟಲು 30 ನಿಮಿಷ, ಒಂದೊಂದು ಮಡಿಗೆ ಕಟ್ಟಲು 75. ಮಡಿಗಳ ಸಂಖ್ಯೆ 'ಮ' ಅಂದುಕೊಳ್ಳಿ:

30 + 75 × ಮ ≤ 420

≤ ಅಂದರೆ 'ಮೀರಬಾರದು'. 420ರಲ್ಲಿ 30 ಕಳೆದು 75ರಿಂದ ಭಾಗಿಸಿದರೆ 5.2. ಇದನ್ನ ಆರಕ್ಕೆ ಏರಿಸಬೇಡಿ, ಐದಕ್ಕೆ ಇಳಿಸಿ.

ಈಗ ಐದು ಮಡಿ ಮುಗಿಸಿ ನಿಲ್ಲಿಸ್ತೀನಿ. ಮರುದಿನ ಆರನೆಯದರಿಂದಲೇ ಶುರು. ಕರೆಂಟು ಒಂದು ಗಂಟೆ ಕಡಿಮೆ ಬಂದರೆ 420ರ ಜಾಗಕ್ಕೆ 360 ಹಾಕಿ: ನಾಲ್ಕೇ ಮಡಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಲೆಕ್ಕ ಮೊದಲು, ಮೋಟರ್ ಆಮೇಲೆ.